ಬಾಯಿ ತುಂಬಿಕೊಂಡವರ ಸಭೆ

ಒಂದು ಒಗಟು ಹೇಳ್ತೀನಿ, ಬಿಡಿಸ್ರಿ ನೋಡೂಣು. ಬಾಯಾಗ ಒಂದೂ ಹಲ್ಲಿಲ್ಲ, ಆದ್ರೂ ಎದ್ದ ಕೂಡಲೇ ಹಲ್ಲು ತಿಕ್ಕತಾಳ, ಉಂಡ ಮ್ಯಾಲ ತಿಕ್ಕತಾಳ, ಸಿಟ್ಟು ಬಂದ್ರೂ ತಿಕ್ಕತಾಳ. ಯಾರು?

ನಿಮಗೆ ಬರುವುದಿಲ್ಲ ಬಿಡ್ರಿ. ಒಂಬತ್ತನೇ ಕ್ಲಾಸಿನಲ್ಲಿ ನನಗೂ ಏನೂ ಬಂದಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಉತ್ತರ ನಮ್ಮ ಅಜ್ಜಿ, ಅವ್ವನ ತಾಯಿ, ಖಾನಾಪುರದಾಕಿ. ಆಕೆಯನ್ನು ನೋಡದ ನಿಮಗೆ ಹೇಗೆ ಗೊತ್ತಾಗಬೇಕು?

ನಮ್ಮದು ಬೆಳಗಾವಿಯ ವಡಗಾವಿಯಲ್ಲಿ, ನೇಕಾರರ ಓಣಿಯೊಳಗೆ ಸಣ್ಣ ಅಂಗಡಿ. ಎರಡೂ ಬಾಜು ಕರೆಂಟಿನ ಮಗ್ಗಗಳ ಸದ್ದು. ಒಂಬತ್ತರಲ್ಲಿ ನಪಾಸಾಗಿ ಸಾಲಿ ಬಿಟ್ಟ ಮೇಲೆ ಅಲ್ಲಿ ಕೂಡುವವ ನಾನೇ. ಅಂಗಡಿಯ ಮುಂದೆ ಪಾನ್ ಮಸಾಲಾ ಮತ್ತು ತಂಬಾಕಿನ ಚೀಟಿಗಳ, ಅಂದರೆ ಪುಟ್ಟ ಪಾಕೀಟುಗಳ, ಸರಗಳು ಬಾಸಿಂಗದ ಹಾಗೆ ಇಳಿಬಿದ್ದಿರುತ್ತವೆ. ಅವನ್ನು ಇಳಿಸು ಅಂತ ಅವ್ವ, ಇರಲಿ ಅಂತ ಅಪ್ಪ. ಅವ್ವನ ಸಿಟ್ಟಿಗೆ ಕಾರಣ ಆಕೆಯ ತಮ್ಮ, ಅಂದರೆ ನಮ್ಮ ಮಾವ. ಮಗ್ಗದ ಮುಂದೆ ನಿಂತು ಚೀಟಿ ಹಾಕಿ ಹಾಕಿ ಅವನ ಬಾಯಿ ಈಗ ಎರಡು ಬೆರಳಿನಷ್ಟೇ ತೆರೆಯುತ್ತದೆ. ಪಾನಿಪುರಿ ಇಡಿಯಾಗಿ ಹೋಗುವುದಿಲ್ಲ. ಬಿಡದಿದ್ದರೆ ಅಷ್ಟೂ ಮುಚ್ಚುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಆ ಚೀಟಿಗಳನ್ನು ಅವನು ಕೊಳ್ಳುವುದು ನಮ್ಮ ಅಂಗಡಿಯಲ್ಲೇ.

ಇಂಥ ಮನೆಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಅರ್ಧ ತಾನಾಗಿ ನಡೆಯುತ್ತದೆ, ಇನ್ನರ್ಧ ನಾನು ನಡೆಸುತ್ತೇನೆ.

೧. ಹಲ್ಲಿನ ಪುಡಿ

ಅಜ್ಜಿ ಖಾನಾಪುರದಿಂದ ರೈಲಿಗೆ ಬರುವಾಗ ಸೊಂಟದ ಸಂಚಿಯಲ್ಲಿ ಮಿಸ್ರಿ ಡಬ್ಬಿ ಇರಲೇಬೇಕು. ಮಿಸ್ರಿ ಅಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಪುಡಿ. ಆಕೆ ಹುರಿಯಲು ಕೂತರೆ ಇಡೀ ಗಲ್ಲಿಯಲ್ಲಿ ಕನ್ನಡದವರೂ ಮರಾಠಿಯವರೂ ಒಂದೇ ಭಾಷೆಯಲ್ಲಿ ಕೆಮ್ಮುತ್ತಾರೆ.

ಒಮ್ಮೆ ಅಜ್ಜಿ ನಮ್ಮಲ್ಲಿದ್ದಾಗ ಆಶಾ ಕಾರ್ಯಕರ್ತೆಯೊಬ್ಬರು ಬಂದು, ಮನೆಯಲ್ಲಿ ಯಾರಾದರೂ ತಂಬಾಕು ತಿನ್ನುತ್ತಾರೇನು ಅಂತ ಕೇಳಿದರು. ಅಜ್ಜಿ ಒಸಡಿನ ಮೇಲಿನ ಬೆರಳು ತೆಗೆಯದೆಯೇ, ಅಂಥ ಹೊಲಸು ಚಟ ನಮ್ಮ ಮನೆತನದಲ್ಲೇ ಇಲ್ಲ ಅಂದಳು. ಹಾಗಾದರೆ ಬೆರಳಿಗೆ ಹತ್ತಿದ್ದೇನು ಅಂತ ಅವರು. ಹಲ್ಲಿನ ಪುಡಿ ಅಂತ ಅಜ್ಜಿ.

“ಹಲ್ಲು ಎಲ್ಲಿ ಅದಾವ್ರಿ ಆಯಿ?”

“ಅಷ್ಟು ಚೊಲೋತ್ನಂಗ ತಿಕ್ಕೀನವಾ, ಸವದ ಹ್ವಾದವು.”

೨. ಕಾಯ್ದೆ ಪಾಲಿಸಿದವ

ಮಸಾಲಾ ತಂಬಾಕು ಕೂಡಿಸಿದ ಗುಟಖಾವನ್ನು ಸರಕಾರ ಬಂದ್ ಮಾಡಿತು. ಕಂಪನಿಯವರು ಮಸಾಲಾಕ್ಕೆ ಒಂದು ಚೀಟಿ, ತಂಬಾಕಿಗೆ ಇನ್ನೊಂದು ಚೀಟಿ ಮಾಡಿದರು. ಎರಡೂ ಬಾಜು ಬಾಜು ತೂಗುತ್ತವೆ. ಗಿರಾಕಿ ಎರಡನ್ನೂ ಹರಿದು ಬಾಯಿಯೊಳಗೆ ಲಗ್ನ ಮಾಡಿಸುತ್ತಾನೆ. ಅವ್ವ ಜಗಳ ತೆಗೆದರೆ ಅಪ್ಪನದು ಒಂದೇ ವಾದ: ಅಂಗಡಿಯಲ್ಲಿ ನಾವು ಬೇರೆ ಬೇರೆಯೇ ಇಟ್ಟಿದ್ದೇವೆ, ಬಾಯಿಯೊಳಗೆ ಏನಾಗುತ್ತದೋ ಅದು ನಮ್ಮ ಜವಾಬ್ದಾರಿ ಅಲ್ಲ.

ಅಪ್ಪ ಮಾಲು ತರಲು ಖಾಸಬಾಗಕ್ಕೆ ಹೋದ ದಿನ ನಾನು ಕಾಯ್ದೆಯನ್ನು ಇನ್ನಷ್ಟು ಬಿಗಿ ಮಾಡಿದೆ. ಮಾವ ಬಂದ. ಮಸಾಲಾ ಕೊಟ್ಟೆ. ತಂಬಾಕು ಎಲ್ಲಿ ಅಂದ.

“ಅದು ನಾಳಿಗಿ, ಮಾವ. ಎರಡೂ ಒಂದ ದಿನ ಕೊಟ್ರ ಗುಟಖಾ ಆಕ್ಕೈತಿ.”

ಮಾವ ಬೈದ. ಎರಡು ಬೆರಳಿನ ಬಾಯಿಯಿಂದ ಬೈಗಳು ಪೂರಾ ಹೊರಗೆ ಬರಲಿಲ್ಲ. ಮುಂದೆ ಬಂದವರಿಗೆಲ್ಲ ಅದೇ ನ್ಯಾಯ. ಒಳಗಿನಿಂದ ಎಲ್ಲ ಕೇಳಿಸಿಕೊಂಡ ಅವ್ವ ನನಗೊಂದು ಕಪ್ ಚಹಾ ತಂದಿಟ್ಟಳು. ಸಂಜೆ ಅಪ್ಪ ಬಂದವನೇ ಕಿವಿ ಹಿಂಡಿದ. ಕಾಯ್ದೆ ಪಾಲಿಸಿದ್ದಕ್ಕೆ ಕಿವಿ ಹಿಂಡಿಸಿಕೊಂಡವ ಇಡೀ ಬೆಳಗಾವಿಯಲ್ಲಿ ನಾನೊಬ್ಬನೇ. ಎದೆ ಉಬ್ಬಿಸಿ ಹೇಳುತ್ತೇನೆ.

೩. ಸರ್ ಅವರ ವಯಸ್ಸು

ಹದಿನೆಂಟು ವರ್ಷದೊಳಗಿನವರಿಗೆ ತಂಬಾಕು ಮಾರುವುದಿಲ್ಲ ಅಂತ ನಮ್ಮ ಅಂಗಡಿಯಲ್ಲಿ ಫಲಕ ಇದೆ. ಅದರ ಕೆಳಗೆ ಕೂತು ಮಾರುವ ನನಗೆ ಹದಿನಾರು.

ಒಂದು ದಿನ ಯುನಿಫಾರ್ಮ್ ಹಾಕಿದ ಹುಡುಗನೊಬ್ಬ ಬಂದು, ಸರ್ ಕಳಿಸಿದ್ದಾರೆ, ತಂಬಾಕಿನ ಚೀಟಿ ಕೊಡು ಅಂದ. ನನ್ನನ್ನು ಒಂಬತ್ತರಲ್ಲಿ ನಪಾಸು ಮಾಡಿದ ಅದೇ ಸರ್. ಖುದ್ದು ಬರಬೇಕಂತೆ ಅಂತ ಹೇಳು ಅಂತ ವಾಪಸ್ ಕಳಿಸಿದೆ. ಬಂದರು, ಬೋಳುತಲೆಯ ಬೆವರು ಒರೆಸುತ್ತ. ನಾನು ಎದ್ದು ನಮಸ್ಕಾರ ಮಾಡಿ, ಫಲಕ ತೋರಿಸಿ, ಸರ್‌ಗೆ ಹದಿನೆಂಟು ತುಂಬಿದೆಯೇ ಅಂತ ವಿನಯದಿಂದ ಕೇಳಿದೆ.

“ಲೇ, ನಿಮ್ಮಪ್ಪಗೂ ನಾನ ಕಲಿಸೀನಲೇ.”

“ಗೊತ್ತೈತ್ರಿ ಸರ್. ಅದಕ್ಕ ಅಂವ ಅಂಗಡಿ ಇಟ್ಟಾನ.”

೪. ಕರೆಂಟ್ ಹೋದಾಗ

ಕೊನೆಗೆ ಅವ್ವ ಹಟ ಹಿಡಿದಳು. ಸರ ಇಳಿಯಬೇಕು, ಇಲ್ಲದಿದ್ದರೆ ತಾನು ಅಂಗಡಿಯ ಹೊಸ್ತಿಲು ತುಳಿಯುವುದಿಲ್ಲ. ಅಪ್ಪ ಯೋಚಿಸಿ, ಓಣಿಯವರೇ ಹೇಳಲಿ, ಅವರು ಬೇಡ ಅಂದರೆ ಇಳಿಸುತ್ತೇನೆ ಅಂದ. ಓಣಿಯವರು ಅಂದರೆ ಎಲ್ಲ ಗಿರಾಕಿಗಳೇ. ಅಪ್ಪ ಭಾರಿ ಶಾಣ್ಯಾ.

ನಮ್ಮಲ್ಲಿ ಸಭೆ ಅಂದರೆ ಕರೆಂಟ್ ಹೋದಾಗ. ಮಗ್ಗ ನಡೆಯುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಮರುದಿನ ಲೈನ್ ದುರಸ್ತಿಗೆ ಕರೆಂಟ್ ತೆಗೆಯುತ್ತಾರೆ ಅಂತ ಮೊದಲೇ ಗೊತ್ತಿತ್ತು. ನಾನು ಬೆಳಿಗ್ಗೆಯೇ ಅಂಗಡಿ ಮುಂದಿನ ಕಟ್ಟೆಯ ಸುತ್ತ, ಗಟಾರದ ಉದ್ದಕ್ಕೂ ಹಗ್ಗ ಕಟ್ಟಿ, ಬಾಜು ಮನೆಯಿಂದ ಬಿಳಿ ನೂಲಿನ ಲಡಿಗಳನ್ನು ಕೇಳಿ ತಂದು ಒಣಗಲು ಹಾಕಿದ ಹಾಗೆ ತೂಗಿಬಿಟ್ಟೆ. ನಮ್ಮ ನೇಕಾರರು ಗೋಡೆಗೆ ಉಗುಳುತ್ತಾರೆ, ಕಂಬಕ್ಕೆ ಉಗುಳುತ್ತಾರೆ. ನೂಲಿನ ಮೇಲೆ ಒಂದು ಹನಿ ಬೀಳಗೊಡುವುದಿಲ್ಲ. ನೂಲು ಅವರಿಗೆ ಅನ್ನ.

ಕರೆಂಟ್ ಹೋಯಿತು. ಎಲ್ಲರೂ ಬಂದರು, ರೂಢಿಯಂತೆ ಮೊದಲು ಚೀಟಿ ಹರಿದು ಬಾಯಿಗೆ ಸುರಿದುಕೊಂಡು ಕಟ್ಟೆಯ ಮೇಲೆ ಕೂತರು. ಅವ್ವ ಅವಸರ ಮಾಡಲಿಲ್ಲ. ತನ್ನ ತಮ್ಮ ಹುಟ್ಟಿದ ಕಥೆಯಿಂದ ಶುರು ಮಾಡಿದಳು. ಅವನ ಹಾಲುಹಲ್ಲು, ಅವನು ಸಣ್ಣವನಿದ್ದಾಗ ಹೋಳಿಗೆ ತಿಂದದ್ದು, ಈಗ ಅನ್ನ ಕಲಸಿ ತೆಳ್ಳಗೆ ಮಾಡಿ ಕೊಡಬೇಕಾದದ್ದು, ಎಲ್ಲ ಸಾವಕಾಶವಾಗಿ ಹೇಳಿದಳು. ಅಷ್ಟರಲ್ಲಿ ಬಾಯಿಗಳು ರಸದಿಂದ ತುಂಬಿ, ಅದು ಚೆಲ್ಲದಂತೆ ಗದ್ದಗಳು ಒಂದೊಂದಾಗಿ ಮೇಲೆದ್ದವು. ಒಬ್ಬ ಉಗುಳಲು ಗಟಾರದ ಕಡೆ ಧಾವಿಸಿದ, ಲಡಿ ಕಂಡ, ಕೈಮುಗಿದು ವಾಪಸ್ ಬಂದು ಕೂತ. ಇನ್ನೊಬ್ಬ ಆಕಾಶ ನೋಡತೊಡಗಿದ. ಸಭೆಗೆ ಸಭೆಯೇ ಹಕ್ಕಿ ಎಣಿಸುವವರ ಹಾಗೆ ಕಂಡಿತು.

ಆಗ ಅವ್ವ ಸೆರಗು ಸಿಕ್ಕಿಸಿ ಕೇಳಿದಳು.

“ತಂಬಾಕ ಮಾರಬೇಕು ಅನ್ನಾವ್ರು ಬಾಯಿ ಬಿಟ್ಟು ಹೇಳ್ರಿ.”

ಒಬ್ಬನೂ ಬಿಡಲಿಲ್ಲ. ಮಾವ ಊಂ ಊಂ ಅನ್ನುತ್ತ ಕೈ ಎತ್ತಿದ.

“ಕೈ ಬ್ಯಾಡೋ ತಮ್ಮಾ, ಬಾಯಿ.”

ಮಾವನ ಕಣ್ಣಲ್ಲಿ ನೀರು ಬಂತು. ನಗುವಿಗೋ ಖಾರಕ್ಕೋ ಗೊತ್ತಿಲ್ಲ. ಕೈ ಇಳಿಸಿದ.

“ಯಾರದೂ ತಕರಾರಿಲ್ಲ. ತೀರ್ಮಾನ ಆತು,” ಅಂದಳು ಅವ್ವ.

ಅಪ್ಪ ಎದ್ದು ನಿಂತ. ಕೊಟ್ಟ ಮಾತಿಗೆ ತಪ್ಪುವವ ನಾನಲ್ಲ ಅಂದ. ಎಲ್ಲರ ಮುಂದೆ ತನ್ನ ಕೈಯಾರೆ ಸರಗಳನ್ನೆಲ್ಲ ಇಳಿಸಿದ. ಈಗ ಆ ಮೊಳೆಗಳಿಗೆ ಶೇಂಗಾ ಚಿಕ್ಕಿ ತೂಗುತ್ತದೆ, ವ್ಯಾಪಾರವೂ ಜೋರು.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ, ಆದರೆ ಖರೇ ಹೇಳಿಬಿಡುತ್ತೇನೆ. ಸಭೆ ಖರೇ, ಲಡಿ ಖರೇ, ನಮ್ಮವ್ವ ಒಬ್ಬಳೇ ನಿಂತು ಓಣಿಯ ಗಂಡಸರನ್ನೆಲ್ಲ ಸೋಲಿಸಿದ್ದು ನೂರಕ್ಕೆ ನೂರು ಖರೇ. ಅಂಥಾಕಿ ವಡಗಾವಿಯಲ್ಲಿ ಇನ್ನೊಬ್ಬಳಿಲ್ಲ. ಅಪ್ಪ ಎದ್ದದ್ದು, ಮಾತಾಡಿದ್ದು, ಸರ ಇಳಿಸಿದ್ದು, ಚಿಕ್ಕಿ ತೂಗಿದ್ದು ಮಾತ್ರ ನಾನು ಕಟ್ಟಿದ್ದು. ಅವ್ವ ತೀರ್ಮಾನ ಅನ್ನುವಷ್ಟರಲ್ಲಿ ಕರೆಂಟ್ ಬಂತು, ಎಲ್ಲರೂ ಮಗ್ಗಕ್ಕೆ ಓಡಿದರು. ಅಪ್ಪ ಮಾತ್ರ ಉಳಿದ. ಅವ್ವ ಅವನ ಎದುರಿಗೆ ನಿಂತು, ಇಳಿಸುತ್ತೀಯೋ ಇಲ್ಲವೋ ಅಂತ ಕೇಳಿದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹೇಗೆ ಅಂದಾನು? ಅವನ ಬಾಯಿಯೂ ತುಂಬಿತ್ತು.