ಗೈಡಿಗೇ ಊರು ತೋರಿಸಿದ್ದು

ನೆಂಟರಿಗೆ ಊರು ತೋರಿಸಲು ಹೊರಟವನ ಪಾಡು ಹೇಗೆಂದರೆ, ಕೊನೆಗೆ ಜನ ಊರು ನೋಡುವುದು ಬಿಟ್ಟು ಅವನನ್ನೇ ನೋಡುತ್ತಾರೆ. ನನಗಂತೂ ಇದು ಪ್ರತಿ ಬೇಸಿಗೆಯ ಕಥೆ. ಸ್ಟಾಕ್‌ಹೋಮಿನ ಕಿಸ್ಟಾದಲ್ಲಿ ನನ್ನದು ಟೆಲಿಕಾಂ ಕೆಲಸ. ಆದರೆ ಇಲ್ಲಿನ ಕನ್ನಡಿಗರ ನಡುವೆ ನಾನು ಹೆಸರು ಮಾಡಿರುವುದು ಬೇರೆ ವಿದ್ಯೆಯಲ್ಲಿ. ಯಾರ ಮನೆಗೆ ಅತ್ತೆ ಮಾವ ಬಂದಿಳಿದರೂ ಮೊದಲ ಫೋನು ನನಗೇ: "ಮೂರೇ ದಿನ ಇರೋದು ಸಾರ್, ಏನೇನ್ ತೋರಿಸ್ಲಿ?" ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಈ ಸಲ ಬಂದವರು ನನ್ನ ಸ್ವಂತ ದೊಡ್ಡಪ್ಪ. ಮೈಸೂರಿನ ಟೂರಿಸ್ಟ್ ಬಸ್ಸಿನಲ್ಲಿ ಗೈಡಾಗಿ ಆಯಸ್ಸು ಸವೆಸಿದವರು. ಯಾರನ್ನೂ ಬಾಯಿಬಿಟ್ಟು ಹೊಗಳಿದ ದಾಖಲೆ ಇಲ್ಲ. ಅವರ ಬಾಯಿಂದ ಒಂದೇ ಒಂದು "ಭೇಷ್" ಹೊರಡಿಸಲೇಬೇಕೆಂದು ನಾನು ಹಟ ತೊಟ್ಟೆ.

ಪ್ರೋಗ್ರಾಂ

ಮೊದಲ ದಿನ ತಿಂಡಿ ಹೊತ್ತಿಗೇ ಹೇಳಿದೆ, "ದೊಡ್ಡಪ್ಪ, ಬೆಳಗ್ಗೆ ಒಂದು ಮ್ಯೂಸಿಯಂ. ಆಮೇಲೆ ಫಿಕಾ. ಮಧ್ಯಾಹ್ನ ದೋಣಿಯಲ್ಲಿ ಒಂದು ಸುತ್ತು."

"ಫಿಕಾ ಅಂದ್ರೆ? ದೇವಸ್ಥಾನಾನಾ?"

"ಅಲ್ಲ, ಕೂತ್ಕೊಂಡು ನಿಧಾನಕ್ಕೆ ಕಾಫಿ ಕುಡಿಯೋದು. ಜೊತೆಗೆ ಏಲಕ್ಕಿ ಬನ್ನು."

ದೊಡ್ಡಪ್ಪ ಚಪಾತಿ ಕೆಳಗಿಟ್ಟರು. "ಅಲ್ಲ ಕಣೋ, ನಾವು ಊಟಕ್ಕೆ ಮುಂಚೆ ಝೂ, ಅರಮನೆ, ಬೆಟ್ಟ ಮುಗಿಸಿ ಜನಾನ ರೇಷ್ಮೆ ಸೀರೆ ಅಂಗಡಿಗೆ ತಳ್ಳಿಬಿಡ್ತಿದ್ವಿ. ನೀನು ಕಾಫಿ ಕುಡಿಯೋದನ್ನೂ ಒಂದು ಸ್ಥಳ ಅಂತ ಲೆಕ್ಕ ಹಿಡೀತೀಯಲ್ಲ!"

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ತಲೆ ಎತ್ತದೆ ಹೇಳಿದಳು, "ಅದೇ ಮೇನ್ ಸ್ಥಳ, ತಾತ. ಬಾಕಿ ಎಲ್ಲ ಆಪ್ಷನಲ್."

ಮುಳುಗಿದ ಹಡಗು

ನನ್ನ ಬತ್ತಳಿಕೆಯ ಬ್ರಹ್ಮಾಸ್ತ್ರ ಎಂದರೆ ಹಡಗಿನ ಮ್ಯೂಸಿಯಂ. ಎಂಥವರೂ ಅಲ್ಲಿ ಬಾಯಿ ತೆರೆದು ನಿಲ್ಲುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ರಾಜ ಆಸೆಪಟ್ಟು ಕಟ್ಟಿಸಿದ್ದು, ಮೊದಲ ದಿನವೇ ಬಂದರು ದಾಟುವ ಮುಂಚೆ ಮುಳುಗಿದ್ದು, ಮುನ್ನೂರು ವರ್ಷ ಕಳೆದ ಮೇಲೆ ಇಡೀ ಹಡಗನ್ನು ಮೇಲೆತ್ತಿದ್ದು, ಎಲ್ಲ ಹೇಳಿದೆ.

ದೊಡ್ಡಪ್ಪ ಹಡಗನ್ನು ಮೇಲಿನಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟರು.

"ನಮ್ಮ ಬಸ್ಸು ಒಂದ್ಸಲ ನಂಜನಗೂಡು ರಸ್ತೇಲಿ ಕೆಟ್ಟು ನಿಂತಿತ್ತು. ಮಾನ ಹೋಯ್ತು ಅಂತ ನಾನು ರಾತ್ರಿ ಊಟ ಬಿಟ್ಟಿದ್ದೆ."

"ಹೌದಾ?"

"ಅಲ್ಲೇ ಸುತ್ತ ಗೋಡೆ ಕಟ್ಟಿ ಟಿಕೆಟ್ ಇಡಬಹುದು ಅಂತ ನಮಗೆ ಹೊಳೀಲೇ ಇಲ್ಲ."

ಖಾಲಿ ಸೀಟು

ನಮ್ಮ ನೀಲಿ ಮೆಟ್ರೋ ಲೈನಿನ ನಿಲ್ದಾಣಗಳೆಂದರೆ ಬಂಡೆ ಕೊರೆದು ಬಣ್ಣ ಬಳಿದ ಗುಹೆಗಳು. ಅದನ್ನು ತೋರಿಸಲೆಂದೇ ರೈಲು ಹತ್ತಿಸಿದೆ. ಬೋಗಿಯೆಲ್ಲ ಖಾಲಿ. ಕಿಟಕಿಯ ಪಕ್ಕ ಒಬ್ಬ ಸ್ವೀಡಿಷ್ ಯುವಕ ಮಾತ್ರ. ದೊಡ್ಡಪ್ಪ ನೇರವಾಗಿ ಹೋಗಿ ಅವನ ಪಕ್ಕಕ್ಕೇ ಒತ್ತಿ ಕೂತು, "ವಿಚ್ ಪ್ಲೇಸ್? ಮ್ಯಾರೀಡ್?" ಎಂದರು. ಇಲ್ಲಿ ಅಪರಿಚಿತರ ಪಕ್ಕ ಕೂರುವುದೇ ದೊಡ್ಡ ಸಾಹಸ. ಮಾತಾಡಿಸುವುದಂತೂ ಕೇಳಲೇಬೇಡಿ. ಯುವಕ ನಕ್ಕಂತೆ ಮಾಡಿ ಮುಂದಿನ ನಿಲ್ದಾಣದಲ್ಲೇ ಇಳಿದ.

"ಪಾಪ, ಅವನ ಸ್ಟಾಪು ಬಂತು," ಎಂದರು ದೊಡ್ಡಪ್ಪ. ಗೋಡೆಯ ಚಿತ್ರಗಳ ಕಡೆ ಕತ್ತೂ ಹೊರಳಿಸಲಿಲ್ಲ.

ನಾವು ಇಳಿದಾಗ ನೋಡಿದರೆ ಅದೇ ಯುವಕ ಪಕ್ಕದ ಬೋಗಿಯಿಂದ ಇಳಿಯುತ್ತಿದ್ದಾನೆ. ದೊಡ್ಡಪ್ಪನಿಗೆ ಕರುಳು ಚುರ್ರೆಂದಿತು. "ನೋಡು, ಅವಸರದಲ್ಲಿ ತಪ್ಪು ಸ್ಟಾಪಲ್ಲಿ ಇಳಿದು ಮತ್ತೆ ಹತ್ತಿದಾನೆ. ನನ್ನ ಒಂದ್ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಕೊಡೆ

ಕೊನೆಯ ದಿನ ಹಳೇ ಪಟ್ಟಣ. ನನಗೆ ಉಳಿದಿದ್ದ ಕೊನೆಯ ಅವಕಾಶ. ಚೌಕದಲ್ಲಿ ನಿಂತು ಉಸಿರು ಬಿಡದೆ ಎಲ್ಲ ಹೇಳಿದೆ. ಅರಮನೆಗೆ ಆರುನೂರು ಕೋಣೆ, ರಾಜರ ಕಚೇರಿ ಇಲ್ಲಿ, ವಾಸ ಬೇರೆ ಕಡೆ, ಒಬ್ಬರೇ ಹಿಡಿಸುವಷ್ಟು ಕಿರಿದಾದ ಓಣಿ ಇಲ್ಲೇ ಹತ್ತಿರ. ದೊಡ್ಡಪ್ಪ ಆಕಾಶ ನೋಡುತ್ತಿದ್ದರು. ನನಗೆ ನಿಜವಾಗಿಯೂ ಬೇಜಾರಾಯಿತು. "ಇಲ್ಲೇ ಇರಿ, ನೀರು ತರ್ತೀನಿ," ಎಂದು ಅಂಗಡಿಗೆ ಹೋದೆ.

ವಾಪಸು ಬಂದರೆ ದೊಡ್ಡಪ್ಪ ಇಲ್ಲ! ಓಣಿ ಓಣಿ ಹುಡುಕಿದೆ. ಕೊನೆಗೆ ಜನರ ತಲೆಗಳ ಮೇಲೆ ಒಂದು ಮಡಚಿದ ಕೊಡೆ ಕಂಡಿತು. ಕೊಡೆ ಎತ್ತಿ ಹಿಡಿದು ನಡೆಯುವುದು ದೊಡ್ಡಪ್ಪನಿಗೆ ಬಸ್ಸಿನ ಕಾಲದಿಂದ ಅಂಟಿದ ಚಾಳಿ. ಚೌಕದಲ್ಲಿ ತಮ್ಮ ಗೈಡಿಗಾಗಿ ಕಾಯುತ್ತಿದ್ದ ಯಾವುದೋ ಪ್ರವಾಸಿ ತಂಡ, ಎತ್ತಿದ ಕೊಡೆ ಕಂಡದ್ದೇ ತಡ, ಇವರ ಬೆನ್ನು ಹತ್ತಿತ್ತು. ಬೆನ್ನ ಹಿಂದೆ ಜನ ಕಂಡರೆ ದೊಡ್ಡಪ್ಪ ಸುಮ್ಮನಿರುವ ಪೈಕಿಯೇ?

"ಪ್ಯಾಲೇಸ್, ಸಿಕ್ಸ್ ಹಂಡ್ರೆಡ್ ರೂಮ್ಸ್! ಕಿಂಗ್ ಓನ್ಲಿ ಆಫೀಸ್ ಹಿಯರ್, ಹೌಸ್ ಅದರ್ ಪ್ಲೇಸ್! ದಿಸ್ ಲೇನ್, ಸ್ಮಾಲೆಸ್ಟ್ ಲೇನ್! ಫ್ಯಾಟ್ ಪೀಪಲ್, ಸೈಡ್‌ವೇಸ್ ಪ್ಲೀಸ್!"

ನಾನು ಹೇಳಿದ್ದು ಒಂದಕ್ಷರ ಬಿಡದೆ! ಆಕಾಶ ನೋಡುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಕಣ್ಣು ಒದ್ದೆಯಾಯಿತು.

ನನ್ನನ್ನು ಕಂಡವರೇ ದೊಡ್ಡಪ್ಪ ಕೊಡೆ ನನ್ನ ಕಡೆ ತಿರುಗಿಸಿದರು. "ಭೇಷ್, ಬಂದ್ಯಾ! ಲೇಡೀಸ್ ಅಂಡ್ ಜೆಂಟಲ್‌ಮನ್, ಮೈ ಬ್ರದರ್ಸ್ ಸನ್. ಹೀ ರಿಯಲ್ ಗೈಡ್. ಐ ಓನ್ಲಿ ಟ್ರೈನಿ!" ಜನರೆಲ್ಲ ಚಪ್ಪಾಳೆ ತಟ್ಟಿದರು. ಹೆಮ್ಮೆಯಿಂದ ನನ್ನ ಅಂಗಿಯ ಗುಂಡಿ ಕಿತ್ತುಬರುವಂತಾಯಿತು.

ದೊಡ್ಡಪ್ಪ ನಗುನಗುತ್ತಲೇ ನನ್ನ ಕಿವಿಗೆ ಬಾಯಿಟ್ಟರು. "ಬೇಗ ಮುಂದೆ ನಡಿ. ದಾರಿ ತಪ್ಪಿದೆ. ಇದೇ ಓಣೀಲಿ ಇವರ್ನ ಎರಡು ಸಲ ತೂರ್ಸಿದೀನಿ. ಎರಡನೇ ಸಲಾನೂ ಫೋಟೋ ತೆಗ್ದ್ರು."