ಗುಡ್ಡಕ್ಕೆ ಹರಕೆ ಹೊತ್ತವರ ಹಾಗೆ ಓಡಿದ ಭಾವ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನಾಗಿ ಎಲ್ಲೂ ಹೇಳಿದವಳಲ್ಲ. ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನಲ್ಲಿದ್ದ ಬೆರಳೆಣಿಕೆಯ ಕನ್ನಡದ ಮನೆಯವರೆಲ್ಲ ಹೇಳುತ್ತಿದ್ದರು, ನಾನು ಅಲ್ಲವೆನ್ನಲಿಲ್ಲ, ಅಷ್ಟೆ! ನಲವತ್ತು ದಾಟಿದ, ಹೊಟ್ಟೆ ಮುಂದೆ ಬಂದ, ಧಾರವಾಡದ ಕೆಮಿಸ್ಟ್ರಿ ಪಂಡಿತರೊಬ್ಬರು ಚಡ್ಡಿ ಹಾಕಿಕೊಂಡು ಗುಡ್ಡದ ಮೇಲೆ ಓಡುತ್ತೇನೆಂದು ಹೊರಟರೆ ಯಾರು ತಾನೇ ಅಲ್ಲವೆಂದಾರು?

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಎಂ.ಎಸ್. ಓದಲು ಬಂದು ಅಕ್ಕನ ಮನೆಯಲ್ಲಿದ್ದೆ. ಆ ಮನೆಯಲ್ಲಿ ನಗು ಇರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಹುಟ್ಟಿದ ಅಕ್ಕನ ಮಗು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಅಂದಿನಿಂದ ಅಕ್ಕ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬರುವಳು, ಕೇಳಿದ್ದಕ್ಕೆ "ಹೂಂ" ಎನ್ನುವಳು, ಮತ್ತೆ ಹೋಗಿ ಕಿಟಕಿಯ ಪಕ್ಕ ಕೂರುವಳು. ಡಾಕ್ಟರು, ಮಾತ್ರೆ, ಆಂಟಿಯರ ಬುದ್ಧಿಮಾತು ಎಲ್ಲ ಆಗಿತ್ತು. ಇವಳು ಹೀಗೆಯೇ ನಮ್ಮ ಕೈ ಬಿಟ್ಟು ಹೋಗುತ್ತಾಳೇನೋ ಎಂದು ನನಗೆ ಹೆದರಿಕೆ. ಇಂಥ ಹೊತ್ತಿನಲ್ಲಿ ಈ ಮಹಾನುಭಾವರು ಓಡುವ ಶೂಸ್ ಕೊಂಡು ತಂದರು!

ಈ ಗೀಳು ಹಚ್ಚಿದವನು ಅವರ ಲ್ಯಾಬಿನ ಒಬ್ಬ ಇಂಗ್ಲೆಂಡಿನವನು. ಅವನ ಊರ ಕಡೆ ಬೋಳುಗುಡ್ಡಗಳನ್ನು ಓಡಿ ಹತ್ತಿ ಓಡಿ ಇಳಿಯುವುದೇ ಒಂದು ಆಟವಂತೆ, 'ಫೆಲ್ ರನ್ನಿಂಗ್' ಅಂತೆ. ಭಾವನಿಗೆ ಮೂರು ಹೊತ್ತೂ ಅದೇ ಜಪ. ಆದರೆ ಓಲ್ಡ್ ಬ್ರಿಡ್ಜ್‌ನಲ್ಲಿ ಗುಡ್ಡ ಎಲ್ಲಿಂದ ಬರಬೇಕು? ದೋಸೆಕಲ್ಲಿನ ಹಾಗೆ ಚಪ್ಪಟೆ ಊರು! ಕೊನೆಗೆ ಒಂದನ್ನು ಪತ್ತೆ ಹಚ್ಚಿಯೇ ಬಿಟ್ಟರು: ಊರ ಕಸವನ್ನೆಲ್ಲ ಸುರಿದು ಮೇಲೆ ಮಣ್ಣು ಮುಚ್ಚಿದ ದಿಬ್ಬ. ದಿನಾ ಬೆಳಿಗ್ಗೆ ಅದನ್ನು ಹತ್ತಿಳಿದು ಬಂದವರ ವಾಸನೆ ಕುಡಿದವಳು ನಾನು.

"ಭಾವ, ಬಾಗಿಲ ಹೊರಗೇ ನಿಂತ್ಕೊಳ್ಳಿ, ಬಕೆಟ್ ತರ್ತೀನಿ" ಎಂದರೆ, "ಪ್ರಾಕ್ಟೀಸ್ ಅಂದ್ರ ಹಿಂಗ ಇರ್ತದವಾ, ನಿನಗೇನು ಗೊತ್ತು!" ಎನ್ನುವರು. ಅಕ್ಕ ಮೂಗು ಕೂಡ ಮುಚ್ಚುತ್ತಿರಲಿಲ್ಲ.

ಒಂದು ದಿನ ಪೊಲೀಸಿನವನೇ ಕಾರಿನಲ್ಲಿ ಕೂರಿಸಿಕೊಂಡು ತಂದು ಬಿಟ್ಟ. ತಲೆಗೆ ಮಂಕಿ ಕ್ಯಾಪು, ಮೈಗೆ ಊರಿನ ಸ್ವೆಟರು, ಕೆಳಗೆ ಚಡ್ಡಿ! ಯಾವ ಪೊಲೀಸು ಸುಮ್ಮನೆ ಬಿಟ್ಟಾನು?

"ಯಾರು ಬೆನ್ನ ಹತ್ಯಾರ ನಿನಗ ಅಂತ ಕೇಳಿದ. ಯಾರೂ ಇಲ್ಲಪಾ, ರೇಸಿಗೆ ಹೋದ್ರೂ ನನ್ನ ಹಿಂದ ಯಾರೂ ಇರೂದಿಲ್ಲ ಅಂದೆ!" ಎಂದು ಭಾವ ದೊಡ್ಡದಾಗಿ ನಕ್ಕು ಅಕ್ಕನ ಕಡೆ ತಿರುಗಿದರು. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಭಾವ ನಗು ನಿಲ್ಲಿಸಿ ಸ್ನಾನಕ್ಕೆ ಹೋದರು.

ಆ ಇಂಗ್ಲೆಂಡಿನವನೇ ಗೆಳೆಯರನ್ನು ಸೇರಿಸಿ ಹಡ್ಸನ್ ನದಿಯ ಬದಿಯ ಗುಡ್ಡದಲ್ಲಿ ರೇಸ್ ಇಟ್ಟ. ಭಾವ ಹೆಸರು ಕೊಟ್ಟೇಬಿಟ್ಟರು. "ಆಕೀನೂ ಬರಬೇಕು" ಎಂದು ಹಟ ಹಿಡಿದು ಅಕ್ಕನನ್ನೂ ಹೊರಡಿಸಿದರು. ನಾನು ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಡ್ರೈವ್ ಮಾಡಿದೆ. ಗುಡ್ಡದ ಬುಡ ಬಂದರೂ ಅಕ್ಕ ಕಾರಿನಿಂದ ಇಳಿಯಲಿಲ್ಲ.

ಶಿಳ್ಳೆ ಊದಿದರು. ಸಣಕಲು ಕಾಲಿನ ಬಿಳಿಯರೆಲ್ಲ ಹತ್ತಿದರು, ಇಳಿದರು, ಸ್ಯಾಂಡ್‌ವಿಚ್ ತಿಂದರು, ಒಬ್ಬೊಬ್ಬರಾಗಿ ಮನೆಗೂ ಹೊರಟರು. ನಮ್ಮವರ ಪತ್ತೆಯೇ ಇಲ್ಲ! ನನ್ನ ಜೀವ ಬಾಯಿಗೆ ಬಂತು. ಮಗುವನ್ನು ಕಳೆದುಕೊಂಡವಳಿಗೆ ಇನ್ನು ಇವರೂ ಇಲ್ಲವೆಂದರೆ ಏನು ಹೇಳಲಿ?

ಅಂತೂ ಮರಗಳ ನಡುವೆ ಮಂಕಿ ಕ್ಯಾಪು ಕಂಡಿತು. ಕುಂಟುತ್ತಾ ಬಂದರು. ಬರಿಗಾಲು! ಪಾದದ ತುಂಬ ರಕ್ತ.

"ಶೂಸ್ ಎಲ್ಲಿ ಭಾವ?" ಎಂದು ಕೂಗಿದೆ.

"ಗುಡ್ಡದ ತುದೀಗೆ ಒಂದು ಕಲ್ಲಿತ್ತವಾ. ದಾರಿ ಗುರುತಿಗೆ ಅಂತ ಕೆಂಪು ಬಣ್ಣ ಹಚ್ಚಿದ್ರು. ಥೇಟ್ ನಮ್ಮೂರ ಹಣಮಪ್ಪ! ಶೂಸ್ ಹಾಕ್ಕೊಂಡು ಹೆಂಗ ಹೋಗೂದು? ಕೆಳಗ ಒಂದು ಬಂಡೆ ಹತ್ರ ಬಿಟ್ಟು, ಮ್ಯಾಲೆ ಹೋಗಿ ಸುತ್ತು ಹಾಕಿ ಕೈ ಮುಗದೆ. ಆಮ್ಯಾಲೆ ನೋಡಿದ್ರ, ಇಳಿಯೂ ದಾರಿ ಆ ಕಡೆ ಅದ!"

"ವಾಪಸ್ ಹೋಗಿ ತಗೊಂಡು ಬರಬಾರದಾ?"

"ಮತ್ತ ಇಳದು ಮತ್ತ ಹತ್ತೂ ಶಕ್ತಿ ಎಲ್ಲದವಾ ನನ್ನ ಹತ್ರ?"

ಅಲ್ಲ, ಅಮೆರಿಕದ ಕಾಡಿನಲ್ಲಿ ಪೇಂಟು ಬಳಿದ ಕಲ್ಲಿಗೆ ಪ್ರದಕ್ಷಿಣೆ! ಆಗಿನ್ನೂ ಹತ್ತಿರದ ಫ್ಲಶಿಂಗ್‌ನಲ್ಲಿ ಗಣಪತಿಯ ಗುಡಿ ಮೇಲೆದ್ದಿರಲಿಲ್ಲ, ದೇವರ ಮುಂದೆ ನಿಂತು ಎಷ್ಟೋ ಕಾಲವಾಗಿತ್ತು, ಒಪ್ಪಿದೆ. ಆದರೂ! ನಾನು ಹಣೆ ಚಚ್ಚಿಕೊಂಡೆ.

ಅಷ್ಟರಲ್ಲಿ ಕಾರಿನ ಬಾಗಿಲು ದಢಾರೆಂದಿತು. ಅಕ್ಕ ಇಳಿದು ಬರುತ್ತಿದ್ದಳು.

"ರೀ, ನಿಮಗೆ ಬುದ್ಧಿಗಿದ್ದಿ ಇದೆಯೇನ್ರೀ? ಕಾಲು ನೋಡ್ಕೊಳ್ಳಿ! ನಂಜಾದ್ರೆ ಯಾರು ಮಾಡೋರು? ಆ ಕಸದ ದಿಬ್ಬ ಹತ್ತಿ ಮನೆಯೆಲ್ಲ ನಾರಿಸಿದ್ದು ಸಾಲದಾ? ಪೊಲೀಸಿನವನ ಕೈಲಿ ಮರ್ಯಾದೆ ಕಳ್ಕೊಂಡಿದ್ದು ಸಾಲದಾ? ಕೂತ್ಕೊಳ್ರೀ ಸುಮ್ನೆ!"

ಎಲ್ಲವನ್ನೂ ನೋಡಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು! ಭಾವ ಹುಲ್ಲಿನ ಮೇಲೆ ಕೂತರು. ಅಕ್ಕ ಅವರ ಪಾದ ತೊಡೆಯ ಮೇಲಿಟ್ಟುಕೊಂಡು, ನೀರು ಹಾಕಿ ಮಣ್ಣು ತೊಳೆಯುತ್ತಾ ಬೈದಳು, ಮುಳ್ಳು ಕೀಳುತ್ತಾ ಬೈದಳು. ಭಾವನ ಕಣ್ಣಿಂದ ನೀರು ಇಳಿಯುತ್ತಿತ್ತು.

"ಉರೀತಾ ಇದೆಯಾ?"

"ಇಲ್ಲ."

"ಮತ್ತೆ? ಆ ಕಲ್ಲಿನ ಮುಂದೆ ಅಂಥಾದ್ದು ಏನ್ರೀ ಬೇಡ್ಕೊಂಡ್ರಿ?"

"ನೀ ನನಗ ಒಮ್ಮೆ ಬೈಲಿ ಅಂತ" ಎಂದರು ಭಾವ.

ಅಕ್ಕನ ಕೈ ನಿಂತಿತು. ಮಗು ಹೋದ ದಿನವೂ ಅಳದಿದ್ದವಳು, ಆ ಮಣ್ಣುಗಾಲಿಗೆ ಹಣೆಯಿಟ್ಟು ಜೋರಾಗಿ ಅತ್ತಳು.