ಮಾವನ ಪದ್ಯದ ಕೊನೆಯ ನುಡಿ

ನನ್ನ ಸೋದರಮಾವನನ್ನು ಮದುವೆಗೆ ಧಾರಾಳವಾಗಿ ಕರೆಯಿರಿ, ಆದರೆ ಮೈಕಿನ ಹತ್ತಿರ ಮಾತ್ರ ಬಿಡಬೇಡಿ! ಬಿಟ್ಟಿರೋ, ಕೆಟ್ಟಿರಿ. ಮುಂಬಯಿಯ ಮಲಾಡಿನ ಸಭಾಂಗಣದಲ್ಲಿ ನಡೆಯುವ ನಮ್ಮ ಉಡುಪಿಯವರ ಮದುವೆಯಲ್ಲಿ ಫಿಲಿಪೀನ್ಸ್ ದೇಶಕ್ಕಾಗಿ ಕಣ್ಣೀರು ಸುರಿಯುತ್ತದೆ.

ಮಾವ ರಿಟೈರ್ ಆಗುವ ತನಕ ಸರಕು ಹಡಗುಗಳಲ್ಲಿ ಅಡುಗೆಯವರು. ಅಲ್ಲಿ ಜತೆಗೆ ಈರುಳ್ಳಿ ಹೆಚ್ಚುತ್ತಿದ್ದ ಫಿಲಿಪೀನ್ಸಿನ ಗೆಳೆಯ ತನ್ನ ದೇಶದ ಕವಿಯ ಪದ್ಯವೊಂದನ್ನು ದಿನಕ್ಕಿಷ್ಟಿಷ್ಟೇ ಹೇಳಿಕೊಟ್ಟನಂತೆ. ಪರಕೀಯರ ಆಳ್ವಿಕೆಯ ಅನ್ಯಾಯವನ್ನು ಬಯಲಿಗೆಳೆದು ಬರೆದದ್ದಕ್ಕೆ ಆ ಕವಿಯನ್ನು ಗುಂಡಿಟ್ಟು ಕೊಂದರು. ಸಾಯುವ ಮುನ್ನ ಅವನು ತನ್ನ ದೇಶಕ್ಕೆ ಬರೆದ ವಿದಾಯವೇ ಈ ಪದ್ಯ. ಗೆಳೆಯ ಹರಕು ಇಂಗ್ಲಿಷಿನಲ್ಲಿ ಅರ್ಥ ಹೇಳಿದ, ಮಾವ ಕನ್ನಡ ಮಾಡಿಕೊಂಡರು. ನಡುವೆ ಒಗ್ಗರಣೆ ಎಷ್ಟು ಬಿತ್ತೋ, ದೇವರೇ ಬಲ್ಲ!

ಒಂದೇ ಕೊರತೆ. ಕೊನೆಯ ನುಡಿ ಬಾಕಿಯಿರುವಾಗ ಗೆಳೆಯನಿಗೆ ಬೇರೆ ಹಡಗಿನ ಕರೆ ಬಂತು. ಮುಂಬಯಿಗೆ ಬಂದು ನಿನ್ನ ಮನೆಯಲ್ಲೇ ಮುಗಿಸುತ್ತೇನೆ ಎಂದು ಮಾತು ಕೊಟ್ಟು ಇಳಿದುಹೋದವನ ಸುದ್ದಿಯೇ ಇಲ್ಲ. ಮಾವ ಕಾಯುತ್ತಲೇ ಇದ್ದಾರೆ.

ನನ್ನ ತಂಗಿಯ ಮದುವೆಯಲ್ಲಿ ಹೆಣ್ಣೊಪ್ಪಿಸುವ ಹೊತ್ತಿಗೆ ಹಾಡಬೇಕಾಗಿದ್ದ ದೊಡ್ಡಮ್ಮನ ಗಂಟಲು ಕಟ್ಟಿತು. ಮಾವ ಬಿಡುತ್ತಾರೆಯೇ? ಮೈಕ್ ಹಿಡಿದೇಬಿಟ್ಟರು! ದೇಶಕ್ಕೆ ಹೇಳಿದ ವಿದಾಯ ತವರಿಗೆ ಅದೆಷ್ಟು ಚೆನ್ನಾಗಿ ಒಪ್ಪಿತೆಂದರೆ ತಂಗಿ ಬಿಕ್ಕಿದಳು, ಅಮ್ಮ ಬಿಕ್ಕಿದಳು, ವಿಡಿಯೋದವನೂ ಮೂಗೊರೆಸಿಕೊಂಡ.

"ಯಾವ ದಾಸರ ಪದ ಇದು?" ಎಂದು ಬೀಗರು ಕೇಳಿದರು.

"ಮನಿಲಾದ ದಾಸರದ್ದು."

"ಅರ್ಧಕ್ಕೇ ನಿಲ್ಲಿಸಿದಿರಲ್ಲ?"

"ಕೊನೆಯದ್ದು ಬರ್ಲಿಕ್ಕುಂಟು" ಎಂದು ಮಾವ ಗಂಭೀರವಾಗಿ ಕೂತರು.

ಮನೆಯಲ್ಲೂ ಇದೇ ಕತೆ. ಆ ಕವಿ ಕಣ್ಣಿನ ಡಾಕ್ಟರನೂ ಆಗಿದ್ದ, ಹೆತ್ತ ತಾಯಿಯ ಕಣ್ಣಿಗೇ ಆಪರೇಷನ್ ಮಾಡಿದ್ದ ಎಂದು ಮಾವ ಕೊಚ್ಚಿಕೊಳ್ಳುವುದನ್ನು ಕೇಳಿ ಕೇಳಿ ಅತ್ತೆಗೆ ರೋಸಿಹೋಗಿದೆ.

"ಹಾಗಾದ್ರೆ ನನ್ನ ಕಣ್ಣಿನ ಪೊರೆ ತೆಗೀಲಿಕ್ಕೂ ಅವನನ್ನೇ ಕರೀರಿ!"

"ಅವನನ್ನು ಕೊಂದ್ರಲ್ಲ ಮಾರಾಯ್ತಿ..."

"ನನ್ನ ಹಣೆಬರಹ! ಇದ್ದ ಒಬ್ಬ ಡಾಕ್ಟರನೂ ಹೋದ!"

ಭಾನುವಾರ ಬಂತೆಂದರೆ ಮಾವ ಮುಂಬಯಿಯ ಫೋರ್ಟ್ ಪೇಟೆಯಲ್ಲಿ ಹಾಜರು. ಬಂದರಿನಿಂದ ತಿರುಗಾಡಲು ಬಂದ ಫಿಲಿಪೀನ್ಸಿನ ನಾವಿಕರು ಕಂಡರೆ ಉಡುಪಿ ಹೋಟೆಲಿಗೆ ಎಳೆತಂದು ದೋಸೆ ತಿನ್ನಿಸಿ ಗೆಳೆಯನನ್ನು ವಿಚಾರಿಸುವುದು. ಗುರುತೇನು? ನಕ್ಕರೆ ಮುಂದಿನ ಒಂದು ಹಲ್ಲು ಇಲ್ಲ! ಪಾಪ, ಅವರು ಏನೆಂದಾರು? ದೋಸೆ ಚೆನ್ನಾಗಿದೆ ಎನ್ನುತ್ತಾರೆ.

"ಮಾವ, ಆ ಪದ್ಯ ಪೂರ್ತಿ ಮೊಬೈಲಿನಲ್ಲೇ ಉಂಟು. ಕೊನೆಯದ್ದು ಓದಲಾ?" ಎಂದೆ ನಾನೊಮ್ಮೆ.

"ಸುಮ್ಮನೆ ಕೂತ್ಕೋ ಮಾರಾಯ್ತಿ. ಮೊಬೈಲಿಗೆ ಈರುಳ್ಳಿ ಹೆಚ್ಚಿ ಗೊತ್ತುಂಟಾ?"

ಕಳೆದ ತಿಂಗಳು ನಾನೂ ಜತೆಗಿದ್ದೆ. ಅಂದು ಸಿಕ್ಕ ನಾವಿಕನಿಗೆ ಶಾಲೆಯಲ್ಲಿ ಕಲಿತ ಆ ಪದ್ಯ ಪೂರ್ತಿ ಬಾಯಿಪಾಠ! ದೋಸೆಯ ತಟ್ಟೆ ಸರಿಸಿ, ಎದ್ದು ನಿಂತು ಅವರ ಭಾಷೆಯಲ್ಲಿ ಹೇಳತೊಡಗಿದ. ಮಾವ ಕಣ್ಣು ಮುಚ್ಚಿ ಕನ್ನಡದಲ್ಲಿ ತುಟಿಯಾಡಿಸುತ್ತಿದ್ದರು. ಒಂದು ಕಡೆ ಅವರ ತುಟಿ ನಿಂತಿತು. ಇನ್ನೇನು ಕೊನೆಯ ನುಡಿ!

ಮಾವ ತಟ್ಟನೆ ಅವನ ಕೈ ಹಿಡಿದರು. "ಸ್ಟಾಪ್, ಸ್ಟಾಪ್! ಕಾಫಿ ಆರಿ ಹೋಗ್ತದೆ!"

ಅವನು ತಬ್ಬಿಬ್ಬಾಗಿ ಕೂತ. ನನಗೆ ಮೈಯೆಲ್ಲ ಉರಿಯಿತು. ಲೋಕಲ್ ರೈಲು ಹತ್ತಿದ್ದೇ ರೇಗಿದೆ.

"ಎಂತ ಮಾವ ನೀವು! ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ವಾ?"

ಮಾವ ಕಿಟಕಿಯ ಕಡೆ ತಿರುಗಿದರು. ನಾನು ಇಳಿಯಬೇಕಾದ ವಿಲೆ ಪಾರ್ಲೆ ಹತ್ತಿರವಾದಾಗ ಕಿಟಕಿಯ ಕಡೆ ನೋಡುತ್ತಲೇ ಮೆಲ್ಲಗೆ ಅಂದರು:

"ಇವನೇ ಮುಗಿಸಿಬಿಟ್ರೆ, ಅವನಿಗೆ ಬರ್ಲಿಕ್ಕೆ ಎಂತ ಉಂಟು ಮಗಾ?"

ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಇಳಿದೆ. ಲೋಕಲ್ ಮಾವನನ್ನು ಮಲಾಡಿನ ಕಡೆಗೆ ಒಯ್ದಿತು.

ನನ್ನ ಬ್ಯಾಂಕೂ ಫೋರ್ಟಿನಲ್ಲೇ ಇದೆ. ಈಗ ದಾರಿಯಲ್ಲಿ ವಯಸ್ಸಾದ ನಾವಿಕರು ಯಾರಾದರೂ ಎದುರಾದರೆ ನಾನೇ ಮೊದಲು ನಗುತ್ತೇನೆ. ಅವರೂ ತಿರುಗಿ ನಗಲಿ, ಹಲ್ಲು ಕಾಣಲಿ ಎಂದು.